ಕಾಕಾನ ತೋಟದ ನಂಬರ್

ಇವತ್ತು ಮಹಾರಾಷ್ಟ್ರದ ಜತ್ತದ ಹತ್ತಿರ ನಮ್ಮ ಕಾಕಾನ ದ್ರಾಕ್ಷಿ ತೋಟಕ್ಕೆ ಲ್ಯಾಬ್‌ನವರು ಬಂದು ಹಣ್ಣಿನ ಸ್ಯಾಂಪಲ್ ಒಯ್ದರು. ಹೊಡೆದ ಔಷಧ ಎಷ್ಟು ಉಳಿದಿದೆ ಅಂತ ನೋಡಲು. ರಿಪೋರ್ಟ್ ಗ್ರೇಪ್‌ನೆಟ್‌ಗೆ ಏರಬೇಕು. ಪಾಸಾದರೆ ಮಾತ್ರ ಮಾಲು ಯುರೋಪಿಗೆ.

ಗ್ರೇಪ್‌ನೆಟ್ ಅಂದರೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೆಡಾ 2006ರಲ್ಲಿ ತಂದ ಆನ್‌ಲೈನ್ ವ್ಯವಸ್ಥೆ. ರಫ್ತಿನ ಪ್ರತಿ ತೋಟಕ್ಕೂ ಒಂದು ನೋಂದಣಿ ನಂಬರ್. ನೆದರ್ಲೆಂಡ್ಸ್‌ನಲ್ಲಿ ಒಂದು ಬಾಕ್ಸ್ ತೆರೆದು ಸಂಶಯ ಬಂದರೆ, ಹಣ್ಣು ತುಂಬಿದ ಪ್ಯಾಕ್‌ಹೌಸ್‌ನಿಂದ ಹಿಡಿದು ಇದೇ ತೋಟದ ತನಕ ಹುಡುಕಿಕೊಂಡು ಬರಬಹುದು. ಆದರೂ 2010ರಲ್ಲಿ ಕ್ಲೋರ್‌ಮೆಕ್ವಾಟ್ ಅನ್ನುವ, ಬಳ್ಳಿಯ ಬೆಳವಣಿಗೆ ತಡೆಯುವ ಔಷಧದ ಅಂಶ ಸಿಕ್ಕಿ ನಮ್ಮ ದೇಶದ ದ್ರಾಕ್ಷಿ ಯುರೋಪಿನಲ್ಲಿ ಸಿಕ್ಕಿಬಿತ್ತು. ಅದು ಆಗ ಇಲ್ಲಿನ ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಲ್ಯಾಬ್ ಹುಡುಕುವುದಾದರೂ ಹೇಗೆ? ಪೆಟ್ಟು ಮಾತ್ರ ರೈತರಿಗೂ ಬಿತ್ತು.

ಕಾಕಾ ಯಾವ ದಿನ ಯಾವ ಔಷಧ ಹೊಡೆದರು ಅಂತ ವಹಿಯಲ್ಲಿ ಕನ್ನಡದಲ್ಲಿ ಬರೆದಿಡುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಆ ವಹಿ ನೋಡಿದರೆ ನನಗೆ ಅವರ ಮೇಲೆ ಗೌರವ ಜಾಸ್ತಿ ಆಗುತ್ತದೆ. ಯುರೋಪಿನವರಿಗೆ ನಮ್ಮ ತೋಟ ಕಾಣುತ್ತದೆ, ಒಳ್ಳೆಯದೇ. ಆ ಹಣ್ಣು ಅಲ್ಲಿ ಎಷ್ಟಕ್ಕೆ ಮಾರಿತು ಅಂತ ಕಾಕಾಗೂ ಕಾಣಬೇಕು, ಅಲ್ವಾ?

ಸಂಜೆಯಿಂದ ನಾಲ್ಕು ಸಲ ಕೇಳಿದರು, "ರಿಪೋರ್ಟ್ ಬಂತೇನ ನೋಡವಾ."