ಹಳೇ ಡ್ರಮ್ಮಿನ ಜೊತೆ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಹಳೇ ಎಣ್ಣೆ ಡ್ರಮ್ಮಿನಿಂದ ನಾನು ಮಾಡುತ್ತಿರುವ ಸ್ಟೀಲ್ ಪ್ಯಾನ್ ಎಂಬ ವಾದ್ಯ ಇನ್ನೂ ಮುಗಿದಿಲ್ಲ. ಹನ್ನೆರಡು ಸ್ವರಗಳಲ್ಲಿ ಏಳು ಚೆನ್ನಾಗಿ ನುಡಿಯುತ್ತವೆ, ಮೂರು ಗೊಣಗುತ್ತವೆ, ಎರಡು ಬರೀ ತಗಡು. ಆದರೂ ಕಳೆದ ಜೂನ್‌ನಿಂದ ಈ ಜೂನ್‌ವರೆಗೆ ಏನೇನಾಯಿತು ಅಂತ ಬರೆದಿಡದಿದ್ದರೆ ನನಗೇ ಮರೆತುಹೋಗುತ್ತದೆ. ನೋಟ್‌ಬುಕ್ಕಿನ ಎಣ್ಣೆ ಮೆತ್ತಿದ ಹಾಳೆಗಳಿಂದ ಎತ್ತಿ ಬರೆಯುತ್ತಿದ್ದೇನೆ.

ಜೂನ್

ಅಪ್ಪನ ಟ್ರಂಕಿನಲ್ಲಿ ಹಳದಿಯಾದ ಒಂದು ಪೇಪರ್ ಕಟಿಂಗ್ ಇದೆ. 1976ರ ಏಪ್ರಿಲ್, ವೆಸ್ಟ್ ಇಂಡೀಸ್ ವಿರುದ್ಧ ಕ್ಯಾರಿಬಿಯನ್ ದ್ವೀಪ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್ ಟೆಸ್ಟ್. ಗೆಲ್ಲಲು 403 ಬೇಕಿತ್ತು, ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ಹೊಡೆಯಿತು. ಗಾವಸ್ಕರ್ 102, ವಿಶ್ವನಾಥ್ 112, ಕೊನೆಗೆ ನಿಂತು ಆಡಿದವರು ನಮ್ಮ ಬ್ರಿಜೇಶ್ ಪಟೇಲ್. ನಮ್ಮದು ಭದ್ರಾವತಿ, ವಿಶಿ ಹುಟ್ಟಿದ ಊರು. ಇಲ್ಲಿ ಅಪ್ಪನ ವಯಸ್ಸಿನವರಿಗೆ ಆ 112 ಮನೆ ನಂಬರಿನಷ್ಟೇ ಬಾಯಿಪಾಠ.

ಕಟಿಂಗ್ ನೋಡುತ್ತಾ ಆ ಮೈದಾನ, ಕ್ವೀನ್ಸ್ ಪಾರ್ಕ್ ಓವಲ್, ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿದೆ. ಟ್ರಾಗರೆಟ್ ರಸ್ತೆ ಸಿಕ್ಕಿತು. ಅದೇ ರಸ್ತೆಯಲ್ಲಿ, ಓವಲ್‌ನ ಎದುರಿಗೇ, ಇನ್‌ವೇಡರ್ಸ್ ಅನ್ನೋ ಸ್ಟೀಲ್ ಬ್ಯಾಂಡ್ ಬೆಳೆದದ್ದಂತೆ. ಎಲಿ ಮ್ಯಾನೆಟ್ ಎಂಬಾತ ಎಣ್ಣೆ ಡ್ರಮ್ಮಿನ ತಳವನ್ನು ಹೊರಕ್ಕೆ ಉಬ್ಬಿಸುವ ಬದಲು ಒಳಕ್ಕೆ ತಗ್ಗಿಸಿ, ಬಾಣಲೆಯ ಹಾಗೆ ಮಾಡಿ, ಅದರಲ್ಲಿ ಸ್ವರಗಳನ್ನು ಕೂರಿಸಿದ್ದು ಆ ಬ್ಯಾಂಡಿಗಾಗಿ. ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿ ಲೋಕವೆಲ್ಲ ಸುತ್ತಿದ ವಾದ್ಯ ಇದು. ಹುಟ್ಟಿದ್ದು ಗುಜರಿಯಿಂದ.

ಉಕ್ಕಿನ ಕಾರ್ಖಾನೆಯ ಊರಲ್ಲಿ ಹುಟ್ಟಿದವನಿಗೆ ಇಷ್ಟು ಕೇಳಿದರೆ ಸಾಕಲ್ಲ. ಅಪ್ಪ ನಿವೃತ್ತಿಗೆ ಮುಂಚೆ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವರು. ಒಂದು ಪ್ಯಾನ್ ಮಾಡಿಯೇ ತೀರುವುದು, ಜೊತೆಗೆ ಆ ದ್ವೀಪದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ಅಂತ ತೀರ್ಮಾನಿಸಿದೆ.

ಆಗಸ್ಟ್

ಡ್ರಮ್ಮು ಸಿಕ್ಕಿಲ್ಲ, ಬರೀ ಓದು. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರಲ್ಲಿ ನೊಬೆಲ್ ಪಡೆಯುವಾಗ ಮಾಡಿದ ಭಾಷಣದಿಂದ ಶುರು ಮಾಡಿದೆ. ಅದು ಟ್ರಿನಿಡಾಡ್‌ನ ಕರೋನಿ ಬಯಲಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ ಆರಂಭವಾಗುತ್ತದೆ. ಇಂಡಿಯಾದಿಂದ ಕಬ್ಬಿನ ಗದ್ದೆಗೆ ಕೂಲಿಗೆ ಬಂದವರ ಮರಿಮಕ್ಕಳು ಬಿದಿರಿನ ರಾವಣನನ್ನು ಕಟ್ಟುತ್ತಾರೆ, ಹುಡುಗರು ಬಿಲ್ಲು ಹಿಡಿದು ಕುಣಿಯುತ್ತಾರೆ. ವಾಲ್ಕಾಟ್ ಅಲ್ಲೇ ತನ್ನ ತಪ್ಪು ಒಪ್ಪಿಕೊಳ್ಳುತ್ತಾರೆ: ನಾನು ಇದನ್ನು ನಾಟಕ ಅಂದುಕೊಂಡೆ, ಅವರಿಗೆ ಇದು ನಂಬಿಕೆಯಾಗಿತ್ತು ಅಂತ.

ನಾನು ಮಾಡಿದ ತಪ್ಪು ಬೇರೆ ಥರದ್ದು. ರಾಮಲೀಲೆ ಓದಿದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ 'ನಮ್ಮದು' ಅಂತ ಒಂದು ಪಟ್ಟಿ ಬೆಳೆಯತೊಡಗಿತು. ರೋಟಿ, ನಮ್ಮದು. ಫಗ್ವಾ ಅಂದರೆ ಹೋಳಿ, ನಮ್ಮದು. ತಾಸಾ ಎಂಬ ಚರ್ಮವಾದ್ಯ, ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ, ನಮ್ಮ ತಮಟೆಯ ಹಾಗೇ. ಸರಿ, ಅದೂ ನಮ್ಮದು. ಹೊಸೇ ಎಂಬ ಮೊಹರಂ ಮೆರವಣಿಗೆಗೆ ಹಿಂದೂಗಳೂ ಆಫ್ರಿಕನ್ನರೂ ಸೇರುತ್ತಾರೆ, ನಮ್ಮ ಹಳ್ಳಿಯ ಬಾಬಯ್ಯನ ಹಬ್ಬದ ಥರ. ಪಟ್ಟಿ ಎರಡು ಪುಟವಾಯಿತು. 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಮೊದಲು ಬಂದಿಳಿದವರು ಕಲ್ಕತ್ತಾದಿಂದ ಹೊರಟವರು, ಆಮೇಲೆ ಬಂದವರಲ್ಲೂ ಹೆಚ್ಚಿನವರು ಭೋಜಪುರಿ ಸೀಮೆಯವರು ಅಂತ ಗೊತ್ತಿದ್ದೂ ಈ ಹುಚ್ಚು.

ಅಕ್ಟೋಬರ್

ಇನ್ನೂರು ಲೀಟರಿನ ಡ್ರಮ್ಮು ಸಿಕ್ಕಿತು! ಶಿವಮೊಗ್ಗದ ಗುಜರಿಯಲ್ಲಿ. ಯಾರಾದರೂ ಇದನ್ನು ಮಾಡಲು ಹೊರಟರೆ ಒಂದು ಮಾತು: ಪೆಟ್ರೋಲು, ಥಿನ್ನರು ತುಂಬಿದ್ದ ಡ್ರಮ್ಮನ್ನು ಮುಟ್ಟಬೇಡಿ. ಮುಂದೆ ಬೆಂಕಿಗಿಡಬೇಕು; ಒಳಗೆ ಉಳಿದ ಆವಿ ಸಿಡಿದರೆ ವಾದ್ಯವೂ ಇಲ್ಲ, ವಾದಕನೂ ಇಲ್ಲ. ನಾನು ತಂದದ್ದು ಅಡುಗೆ ಎಣ್ಣೆಯದು. ಸೋಡಾ ಪುಡಿ ಹಾಕಿ ಮೂರು ಸಲ ತೊಳೆದೆ.

ಮುಚ್ಚಳದ ತೂತುಗಳಿಲ್ಲದ ಕಡೆಯನ್ನು ಮೇಲೆ ಮಾಡಿ ಬಡಿತ ಶುರು. ಇದಕ್ಕೆ ಅಲ್ಲಿ 'ಸಿಂಕಿಂಗ್' ಅನ್ನುತ್ತಾರೆ. ಗುಂಡು ಮೂತಿಯ ಭಾರದ ಸುತ್ತಿಗೆ, ಹಿಡಿ ಗಿಡ್ಡ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ತಗ್ಗಿಸುತ್ತಾ ಬರಬೇಕು, ನಡುವೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಆಳ ಬರುವವರೆಗೆ. ತಗಡು ಎಳೆದುಕೊಳ್ಳುತ್ತಾ ತೆಳ್ಳಗಾಗುತ್ತದೆ. ನಾನು ಆತುರಗಾರ, ನಡುವಿಗೇ ಬಡಿದೆ. ಎರಡನೇ ಭಾನುವಾರ ಒಂದು ಗೆರೆ ಕಾಣಿಸಿತು, ಮೂರನೇ ಏಟಿಗೆ ಗೆರೆ ಬಾಯಿಬಿಟ್ಟಿತು.

ಅಪ್ಪ ಅಲ್ಲಿಯವರೆಗೆ ಜಗಲಿ ಮೇಲೆ ಪೇಪರ್ ಓದುತ್ತಾ ಕೂತಿದ್ದವರು ಎದ್ದು ಬಂದರು. "ಒಂದೇ ಕಡೆ ಬಡೀತಿದ್ದೀಯಲ್ಲೋ. ಸುತ್ತ ಬಾ, ಸುತ್ತ ಬಾ. ತಗಡಿಗೂ ಉಸಿರಾಡಕ್ಕೆ ಬಿಡಬೇಕು." ಹೇಳಿದ್ದು ಇಷ್ಟೇ, ಮತ್ತೆ ಪೇಪರ್. ಪಕ್ಕದ ಮನೆಯವರು ಅದೇ ಸಂಜೆ ಬಂದು, ಏನು, ಮನೆಗೆ ನೀರಿನ ಟ್ಯಾಂಕ್ ಮಾಡಿಸ್ತಿದ್ದೀರಾ ಅಂತ ಬಹಳ ಸೌಜನ್ಯದಿಂದ ಕೇಳಿದರು.

ಆ ಡ್ರಮ್ಮಿಗೆ ನಾನು ಹಾಕಿದ್ದ ನಕ್ಷೆ ಎಂಟು ಸ್ವರದ್ದು: ಸರಿಗಪದಸ, ಮೇಲೆ ಇನ್ನೆರಡು. ಮೋಹನ ರಾಗ. ಕ್ಯಾರಿಬಿಯನ್ ವಾದ್ಯದಲ್ಲಿ ಮೋಹನ! ಐಡಿಯಾ ನನಗೆ ಎಷ್ಟು ಇಷ್ಟವಾಗಿತ್ತೆಂದರೆ ನಕ್ಷೆಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೆ.

ಜನವರಿ, ಫೆಬ್ರವರಿ

ಅಕ್ಕ ಟೊರಾಂಟೊದಲ್ಲಿದ್ದಾಳೆ. ಅವಳನ್ನು ನೋಡಲು ಹೋದವನು ಅಲ್ಲಿಂದ ಹತ್ತು ದಿನಕ್ಕೆ ಪೋರ್ಟ್ ಆಫ್ ಸ್ಪೇನ್‌ಗೆ ಹಾರಿದೆ. ಕಾರ್ನಿವಲ್‌ಗೆ ಇನ್ನೂ ಮೂರು ವಾರ ಇತ್ತು. ಬೇಕೆಂದೇ ಹಾಗೆ ಮಾಡಿದ್ದು. ಕಾರ್ನಿವಲ್‌ನ ಎರಡು ದಿನ ಬೀದಿಯೆಲ್ಲ ಗರಿ, ಮಿಂಚು. ನನಗೆ ಬೇಕಿದ್ದದ್ದು ಅದಕ್ಕೆ ಮುಂಚಿನ ರಾತ್ರಿಗಳು. ಪನೋರಮಾ ಎಂಬ ಸ್ಟೀಲ್ ಬ್ಯಾಂಡ್ ಸ್ಪರ್ಧೆಗಾಗಿ ಬ್ಯಾಂಡುಗಳು ತಮ್ಮ ತಮ್ಮ ಅಂಗಳದಲ್ಲಿ, ಅಂದರೆ ಪ್ಯಾನ್‌ಯಾರ್ಡುಗಳಲ್ಲಿ, ರಾತ್ರಿ ಪೂರ್ತಿ ತಾಲೀಮು ನಡೆಸುತ್ತವೆ. ಯಾರು ಬೇಕಾದರೂ ಹೋಗಿ ನಿಂತು ಕೇಳಬಹುದು.

ನಾನು ಉಳಿದುಕೊಂಡಿದ್ದು ಸೇಂಟ್ ಜೇಮ್ಸ್‌ನಲ್ಲಿ. ಆ ಬಡಾವಣೆಯ ಬೀದಿಗಳ ಹೆಸರು ಕಲ್ಕತ್ತಾ, ದೆಹಲಿ, ಆಗ್ರಾ. ನನ್ನ ಪಟ್ಟಿ ಮತ್ತೆ ಚಿಗುರಿತು. ಮನೆಯೊಡತಿ ತನ್ನ ಅಪ್ಪನ ತಾಯಿಯನ್ನು 'ಆಜೀ' ಅಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮಲ್ಲೂ ಅಜ್ಜಿ! ಆಂಟಿ (ಅಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ) ನನ್ನನ್ನು ಕರುಣೆಯಿಂದ ನೋಡಿದರು. ಅವರು ಇಂಡಿಯಾ ನೋಡಿಲ್ಲ, ನೋಡಬೇಕೆಂಬ ಹಂಬಲವೂ ಇಲ್ಲ.

ಮರುದಿನ ಬೆಳಿಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್ ಕೊಡಿಸಿದರು. ಅರಿಶಿನ ಹಾಕಿ ಕರಿದ ಮೆತ್ತನೆಯ ಎರಡು ಬಾರಾ, ನಡುವೆ ಕಡಲೆಕಾಳಿನ ಸಾರು, ಮೇಲೆ ಹುಣಸೆ, ಸೌತೆಕಾಯಿ, ಮಾವಿನ ಕುಚೇಲಾ. ಮಾರುವವನು ಕೇಳುವುದು ಒಂದೇ ಪ್ರಶ್ನೆ, ಖಾರ ಎಷ್ಟು ಅಂತ. ನಾನು ಬಾಯಿ ತುಂಬಿಕೊಂಡೇ ಇದು ನಮ್ಮ ಚೋಲೆ ಭಟೂರೆ ಅಂದೆ. ಆಂಟಿ ಹೇಳಿದರು: "ನಿಮ್ಮದಾದರೆ ನಿಮ್ಮೂರಲ್ಲಿ ಡಬಲ್ಸ್ ಎಲ್ಲಿ ಸಿಗುತ್ತೆ ಹೇಳು, ಬರ್ತೀನಿ." ಸಿಗುವುದಿಲ್ಲ. ಅದು 1930ರ ದಶಕದಲ್ಲಿ ಆ ದ್ವೀಪದ ದಕ್ಷಿಣದ ಪ್ರಿನ್ಸಸ್ ಟೌನ್‌ನಲ್ಲಿ ಹುಟ್ಟಿದ ತಿಂಡಿ. ಕಾಗದದಲ್ಲಿ ಸುತ್ತಿ, ನಿಂತು, ಮೊಣಕೈವರೆಗೆ ಸುರಿಸಿಕೊಂಡು ತಿನ್ನುವ ಕ್ರಮವೂ ಅಲ್ಲಿಯದೇ. ಎರಡನೆಯದಕ್ಕೆ ಖಾರ ಜಾಸ್ತಿ ಅಂದೆ. ಆ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಷಾರ್ಲಟ್ ಸ್ಟ್ರೀಟ್‌ನಲ್ಲಿರುವ ರೆನೆಗೇಡ್ಸ್ ಬ್ಯಾಂಡಿನ ಯಾರ್ಡಿಗೆ ಮೂರು ರಾತ್ರಿ ಹೋದೆ. ನೂರಕ್ಕೂ ಹೆಚ್ಚು ಜನ ನುಡಿಸುವವರು. ಶಾಲಾ ಯೂನಿಫಾರಂ ಬದಲಿಸದೆ ಬಂದ ಹುಡುಗಿ, ಅವಳ ಪಕ್ಕ ಅವಳ ತಾತನ ವಯಸ್ಸಿನವರು. ಮುಂದೆ ಸಣ್ಣ ಟೆನರ್ ಪ್ಯಾನುಗಳು. ಹಿಂದೆ ಒಬ್ಬೊಬ್ಬರ ಸುತ್ತ ಆರು, ಒಂಬತ್ತು ಇಡೀ ಡ್ರಮ್ಮುಗಳು ನಿಂತ ಬಾಸ್‌ಗಳು. ಯಾರ ಮುಂದೆಯೂ ಸ್ವರಲಿಪಿಯ ಹಾಳೆ ಇಲ್ಲ. ಹೇಳಿಕೊಡುವವನು ನಾಲ್ಕು ಮಾತ್ರೆ ನುಡಿಸುತ್ತಾನೆ, ಅವರು ತಿರುಗಿ ನುಡಿಸುತ್ತಾರೆ, ತಪ್ಪಾದರೆ ಮತ್ತೆ. ನಮ್ಮ ಸಂಗೀತದ ಮೇಷ್ಟರ ಮನೆ ನೆನಪಾಯಿತು; ಪಟ್ಟಿಗೆ ಸೇರಿಸಲು ಹೋಗಿ ಕೈ ತಡೆದುಕೊಂಡೆ.

ನಡುವೆ 'ಎಂಜಿನ್ ರೂಮ್' ಅಂತ ಒಂದು ಜಾಗ: ಡ್ರಮ್ ಸೆಟ್ಟು, ಕಾಂಗಾ, ಜೊತೆಗೆ 'ಐರನ್'. ಐರನ್ ಅಂದರೆ ಗಾಡಿಯ ಬ್ರೇಕ್ ಡ್ರಮ್ಮು, ಕಬ್ಬಿಣದ ಸಲಾಕೆಯಲ್ಲಿ ಬಡಿಯುವುದು. ಲಾರಿ ಗ್ಯಾರೇಜಿನ ಆ ವಸ್ತು ಇಡೀ ಬ್ಯಾಂಡಿನ ತಾಳ ಹಿಡಿದುಕೊಂಡಿತ್ತು. ಎದೆಗೂಡಿನೊಳಗೆ ಯಾರೋ ತಟ್ಟಿದ ಹಾಗೆ ಆಗುತ್ತದೆ, ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಇದಕ್ಕೆಲ್ಲ ಹಿಂದಿನ ಕಥೆ ಇಂಪಾದದ್ದಲ್ಲ. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಬೀದಿಯಲ್ಲಿ ಆಫ್ರಿಕನ್ನರ ಡೋಲು ಬಾರಿಸುವುದನ್ನು ಹತ್ತಿಕ್ಕಿತು. 1881ರಲ್ಲಿ ಕಾರ್ನಿವಲ್ ಹೊತ್ತಿಗೆ ಪೊಲೀಸರಿಗೂ ಜನರಿಗೂ ಬೀದಿಕಾಳಗವೇ ಆಯಿತು. 1884ರ ಅಕ್ಟೋಬರ್‌ನಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣದಲ್ಲಿ ಹೊಸೇ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಭಾರತೀಯ ಕೂಲಿಗಳನ್ನು ಕೊಂದರು. ಡೋಲು ಹೋದಾಗ ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿ ತಾಳ ಹಾಕಿದರು, ಅದಕ್ಕೆ ಟಂಬೂ ಬಾಂಬೂ ಅಂತ ಹೆಸರು. ಬಿದಿರು ಸೀಳುತ್ತದೆ, ಬಿಸ್ಕತ್ ಡಬ್ಬ, ಪೇಂಟ್ ಡಬ್ಬ, ಕಸದ ತೊಟ್ಟಿಯ ಮುಚ್ಚಳ ಬಂದವು. ಕೊನೆಗೆ ಎಣ್ಣೆ ಡ್ರಮ್ಮು. ಆರಂಭದಲ್ಲಿ ಪ್ಯಾನ್ ಬಾರಿಸುವವನೆಂದರೆ ಪುಂಡ ಅಂತಲೇ ಲೆಕ್ಕ, ಮನೆಯವರು ಮಗಳನ್ನು ಆ ಕಡೆ ನೋಡಲೂ ಬಿಡುತ್ತಿರಲಿಲ್ಲ. ಅದೇ ಪ್ಯಾನ್ 1992ರಲ್ಲಿ ರಾಷ್ಟ್ರೀಯ ವಾದ್ಯವಾಯಿತು.

ಮೂರನೇ ರಾತ್ರಿ ಯಾರ್ಡಿನ ಮೂಲೆಯಲ್ಲಿ ಒಬ್ಬ ಹಿರಿಯರು ಸಣ್ಣ ಸುತ್ತಿಗೆಯಲ್ಲಿ ಒಂದು ಪ್ಯಾನ್ ಸರಿಮಾಡುತ್ತಾ ಕೂತಿದ್ದರು. ಧೈರ್ಯ ಮಾಡಿ ಫೋನಿನಲ್ಲಿ ನನ್ನ ಮೋಹನದ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಉಳಿದ ಸ್ವರಗಳು ಎಲ್ಲಿ?" ಅಂದರು. ನಮ್ಮ ರಾಗಕ್ಕೆ ಇಷ್ಟೇ ಸಾಕು ಅಂದೆ. "ನಿನ್ನ ರಾಗಕ್ಕೆ ಸಾಕು. ಪ್ಯಾನಿಗೆ ಸಾಕಾ?" ಅಂದು ಮತ್ತೆ ಸುತ್ತಿಗೆ ಎತ್ತಿಕೊಂಡರು.

ವಾಪಸು ವಿಮಾನದಲ್ಲಿ ಓದಿದ್ದು ಟ್ರಿನಿಡಾಡ್‌ನವರೇ ಆದ ಅರ್ಲ್ ಲವ್‌ಲೇಸ್ 1979ರಲ್ಲಿ ಬರೆದ ಕಾದಂಬರಿ, 'ದಿ ಡ್ರ್ಯಾಗನ್ ಕಾಂಟ್ ಡಾನ್ಸ್'. ಪ್ರತಿ ವರ್ಷ ಕಾರ್ನಿವಲ್‌ಗೆ ಡ್ರ್ಯಾಗನ್ ವೇಷ ಹೊಲಿಯುವ ಆಲ್ಡ್ರಿಕ್‌ನ ಕಥೆ ಅದು. ನನ್ನನ್ನು ಹಿಡಿದದ್ದು ಮಾತ್ರ ಪರಿಯಾಗ್. ಗುಡ್ಡದ ಮೇಲಿನ ಆ ವಠಾರಕ್ಕೆ ಬಂದು ನೆಲೆಸಿದ ಭಾರತೀಯ ಮೂಲದವನು, ಯಾರೂ ಅವನನ್ನು ತಮ್ಮವನೆಂದು ನೋಡುವುದಿಲ್ಲ. ಆಸೆಯಿಂದ ಕೊಂಡ ಸೈಕಲ್ಲನ್ನು ಒಡೆದುಹಾಕುತ್ತಾರೆ. ಎಷ್ಟೋ ವರ್ಷದ ಮೇಲೆ ಅವನಿಗನ್ನಿಸುತ್ತದೆ: ನಾನು ಒಂದು ಕೊಳಲೋ ಸಿತಾರೋ ಹಿಡಿದು ನೇರವಾಗಿ ಸ್ಟೀಲ್ ಬ್ಯಾಂಡಿನ ನಡುವೆ ಹೋಗಿ ನಿಲ್ಲಬೇಕಿತ್ತು ಅಂತ. ಅವನು ಬಯಸಿದ್ದು ಅವರ ಜೊತೆ ನಿಂತು ನುಡಿಸುವುದನ್ನು. ನಾನೋ, ಅವರ ಪ್ಯಾನಿನಿಂದ ನಾಲ್ಕಾರು ಸ್ವರ ಕಿತ್ತು ಮೋಹನ ಮಾಡಲು ಹೊರಟಿದ್ದೆ. 'ನಮ್ಮದು' ಪಟ್ಟಿಯ ಆ ಎರಡು ಪುಟ ಹರಿದಿಲ್ಲ. ಒಳ್ಳೆಯ ವಿಳಾಸಗಳಿವೆ ಅದರಲ್ಲಿ. ಆದರೆ ಮುಂದುವರಿಸಿಲ್ಲ.

ಏಪ್ರಿಲ್

ಎರಡನೇ ಡ್ರಮ್ಮು, ಇದರ ತಗಡು ದಪ್ಪ. ಈ ಸಲ ಸುತ್ತ ಬಂದೆ. ನಾಲ್ಕು ಭಾನುವಾರ, ಬಲಗೈ ಮೊಣಕೈಗೆ ಎಣ್ಣೆ ನೀವಿಕೊಂಡು. ಪಕ್ಕದ ಮನೆಯವರ ಜೊತೆ ಒಪ್ಪಂದ: ಹತ್ತರಿಂದ ಹನ್ನೆರಡು, ಅಷ್ಟೇ.

ನಕ್ಷೆ ಬದಲಾಯಿತು. ಪೂರ್ತಿ ಟೆನರ್ ಪ್ಯಾನಿಗೆ ಸುಮಾರು ಇಪ್ಪತ್ತೊಂಬತ್ತು ಸ್ವರ. ಅದು ನನ್ನ ಕೈಲಾಗದು. ಹೊರಗಿನ ಸುತ್ತಿನ ಹನ್ನೆರಡನ್ನಷ್ಟೇ ಹಿಡಿದೆ. ಅವುಗಳ ಜೋಡಣೆ ಆಂಥನಿ ವಿಲಿಯಮ್ಸ್‌ದು. 1963ರ ಮೊದಲ ಪನೋರಮಾ ಗೆದ್ದ ನಾರ್ತ್ ಸ್ಟಾರ್ಸ್ ಬ್ಯಾಂಡಿನ ನಾಯಕ. ಜೇಡರ ಬಲೆಯಂಥ ಆ ವಿನ್ಯಾಸದಲ್ಲಿ ಪ್ರತಿ ಸ್ವರದ ಒಂದು ಪಕ್ಕಕ್ಕೆ ಅದರ ಪಂಚಮ, ಇನ್ನೊಂದು ಪಕ್ಕಕ್ಕೆ ಮಧ್ಯಮ. ಒಂದೇ ತಗಡು ತಾನೇ, ಒಂದನ್ನು ಹೊಡೆದರೆ ಪಕ್ಕದ್ದೂ ಸ್ವಲ್ಪ ನಡುಗುತ್ತದೆ. ನಡುಗುವುದು ಸ, ಪ ಆದರೆ ಕಿವಿಗೆ ಕಿರಿಕಿರಿಯಿಲ್ಲ. ಎಂಥ ತಲೆ!

ಮೊಂಡು ಚಾಣದಿಂದ ಸ್ವರಗಳ ಗಡಿ ಹೊಡೆದು, ಡ್ರಮ್ಮಿನ ಗೋಡೆಯನ್ನು ಒಂದು ಗೇಣಿಗಿಂತ ಕಡಿಮೆ ಉಳಿಸಿ ಕತ್ತರಿಸಿಯಾಯಿತು. ಆಮೇಲೆ ಬೆಂಕಿ. ಇಲ್ಲಿ ಅಪ್ಪ ಪೇಪರ್ ಮಡಚಿಟ್ಟರು. ಹಿತ್ತಲಲ್ಲಿ ಸೌದೆ ಜೋಡಿಸಿದ್ದು ಅವರು, ಯಾವಾಗ ತೆಗೆಯಬೇಕೆಂದು ಹೇಳಿದ್ದೂ ಅವರೇ. ತಗಡು ಮೊದಲು ಜೇನಿನ ಬಣ್ಣಕ್ಕೆ ಬಂತು, ಆಮೇಲೆ ನೇರಳೆ. ನಾನು ತೆಗೆಯೋಣವಾ ಅಂದೆ. "ಸುಮ್ನಿರು." ನೀಲಿ ಹರಡಿತು. "ಈಗ." ಅರ್ಧ ನಿಮಿಷವೂ ಇಲ್ಲ. ಬಡಿತದಿಂದ ಸೇರಿದ್ದ ಬಿಗುವು ಸಡಿಲವಾಗಿ ತಗಡಿಗೆ ಹದ ಬರುವುದು ಇಲ್ಲೇ. ಹೆಚ್ಚು ಕಾಯಿಸಿದರೆ ಮೆತ್ತಗಾಗಿ ನಾದವೇ ನಿಲ್ಲುವುದಿಲ್ಲ.

ಜೂನ್, ಮತ್ತೆ

ಶ್ರುತಿ ಮಾಡುವುದು ಬಡಿಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ಕೆಳಗಿನಿಂದ ತಟ್ಟಿದರೆ ಗುಬ್ಬಿ (ಒಂದೊಂದು ಸ್ವರದ ಪುಟ್ಟ ಉಬ್ಬು) ಏರಿ ಸ್ವರ ಏರುತ್ತದೆ, ಮೇಲಿನಿಂದ ತಟ್ಟಿದರೆ ಇಳಿಯುತ್ತದೆ, ಇಷ್ಟು ಸುಲಭ. ಆದರೆ ಒಂದೊಂದು ಗುಬ್ಬಿಯೊಳಗೂ ಮೂರು ನಾದ ಕೂರಬೇಕು: ಸ, ಉದ್ದಕ್ಕೆ ಮೇಲಿನ ಸ, ಅಡ್ಡಕ್ಕೆ ಅದರ ಮೇಲಿನ ಪ. ಒಂದನ್ನು ಸರಿಮಾಡಿದರೆ ಇನ್ನೊಂದು ಜಾರುತ್ತದೆ, ಅದನ್ನು ಹಿಡಿದರೆ ಪಕ್ಕದ ಮನೆಯ ಸ್ವರ ಮುನಿಸಿಕೊಳ್ಳುತ್ತದೆ. ಫೋನಿನ ಟ್ಯೂನರ್ ಆ್ಯಪ್ ಹಸಿರು ತೋರಿಸಿದರೂ ಕಿವಿ ಒಪ್ಪದ ಎಷ್ಟೋ ಸಂಜೆಗಳು. ಕೋಲಿನ ತುದಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ ಮೇಲೆ ತಗಡಿನ ಸದ್ದು ಅರ್ಧ ಕಡಿಮೆಯಾಯಿತು. ಇದನ್ನು ಮೊದಲೇ ಮಾಡಬೇಕಿತ್ತು.

ಈ ಹೊತ್ತಿಗೆ, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಹೇಳುವುದಾದರೆ, ಸಿ, ಜಿ, ಡಿ, ಎ, ಇ, ಎಫ್, ಬಿ ಫ್ಲಾಟ್ ನುಡಿಯುತ್ತಿವೆ. ಅಂದಹಾಗೆ, ಸಿ ಡಿ ಇ ಜಿ ಎ ಸೇರಿದರೆ ಮೋಹನವೇ, ಕೇಳದೆಯೇ ಬಂದು ಕೂತಿದೆ. ಬಿ, ಇ ಫ್ಲಾಟ್, ಎ ಫ್ಲಾಟ್ ಗೊಣಗು. ಡಿ ಫ್ಲಾಟ್ ಸತ್ತಿದೆ. ಎಫ್ ಶಾರ್ಪ್ ಸತ್ತಿಲ್ಲ, ಆದರೆ ಅದು ಹೊರಡಿಸುವುದನ್ನು ಸ್ವರ ಅನ್ನಲಾಗದು. ಅಮ್ಮನಿಗೆ ಮಾತ್ರ ಅದೇ ಬೇಕು. ಹಿತ್ತಲಲ್ಲಿದ್ದರೂ ಬೀದಿಯಲ್ಲಿದ್ದರೂ ಕೇಳಿಸುತ್ತದೆ ಅಂತ, ರಾತ್ರಿ ಊಟಕ್ಕೆ ನಮ್ಮಿಬ್ಬರನ್ನೂ ಸೌಟಿನಲ್ಲಿ ಅದನ್ನೇ ಎರಡು ಸಲ ಬಾರಿಸಿ ಕರೆಯುತ್ತಾಳೆ.