ಎರಡನೇ ಕನೆಕ್ಷನ್‌ಗೆ ಮತ್ತೆ ಒಂದರಿಂದ ಎಣಿಸಿದ್ದೆ

ಮೇ ತಿಂಗಳು, ರಾಯಚೂರು. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಮೈಮೇಲೆ ಬರುತ್ತಿತ್ತು. ಮನೆಯಿಂದಲೇ ಕೆಲಸ. ಐಸ್ಕಜಿ (iSCSI, ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಬಳಸುವ ವಿಧಾನ) ಸ್ಟೋರೇಜ್ ಪರೀಕ್ಷಿಸುವ ಒಂದು ಸಣ್ಣ ಟೂಲ್ ಬರೆಯುತ್ತಿದ್ದೆ. ಇದರಲ್ಲಿ ಒಂದು ಸೆಷನ್ ಒಳಗೆ ಹಲವು ಕನೆಕ್ಷನ್ ಇರಬಹುದು. ಒಂದು ಕನೆಕ್ಷನ್ ಚೆನ್ನಾಗಿಯೇ ಓಡಿತು. ಅದೇ ಸೆಷನ್‌ಗೆ ಇನ್ನೊಂದನ್ನು ಸೇರಿಸಿದೆ. ಲಾಗಿನ್ ಆಯಿತು. ರೀಡ್ ಕಮಾಂಡ್ ಕಳಿಸಿದೆ. ಉತ್ತರ ಇಲ್ಲ, ಎರರ್ ಕೂಡ ಇಲ್ಲ.

ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಬಿಸಿಲಿಗೆ ಸ್ವಿಚ್ ಕೆಟ್ಟಿರಬೇಕು ಅಂತಲೂ ಅಂದುಕೊಂಡೆ. ಒಂದೂವರೆ ದಿನ ಸುಮ್ನೆ ಹೋಯಿತು.

ನೆಟ್‌ವರ್ಕಿನಲ್ಲಿ ಹೋಗುವುದನ್ನೆಲ್ಲ ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿದರೆ ಉತ್ತರ ಎದುರಿಗೇ ಇತ್ತು. ಲಾಗಿನ್ ಉತ್ತರದಲ್ಲೇ ಟಾರ್ಗೆಟ್, ಅಂದರೆ ಡಿಸ್ಕ್ ಇರುವ ಕಡೆಯ ಯಂತ್ರ, ತಾನು ಕಾಯುತ್ತಿರುವುದು 742ನೇ ಕಮಾಂಡ್‌ಗೆ ಅಂತ ಹೇಳಿತ್ತು. ನನ್ನ ಕಮಾಂಡ್ ಹೋಗಿದ್ದು 1 ಅಂತ.

ನಮ್ಮ ಕಡೆ ಹತ್ತಿ ಗಾಡಿಗಳು ತೂಕದ ಕಾಟಾದ ಮುಂದೆ ನಿಲ್ಲುವುದನ್ನು ನೆನಪಿಸಿಕೊಳ್ಳಿ. ಗೇಟಿನಲ್ಲಿ ಚೀಟಿ ಕೊಡುವವನು ಒಬ್ಬನೇ, ಕಾಟಾ ಎರಡು ಅಂದುಕೊಳ್ಳಿ. ಎರಡನೇ ಕಾಟಾ ಶುರುವಾಯಿತು ಅಂತ ಚೀಟಿ ಮತ್ತೆ ಒಂದರಿಂದ ಶುರುವಾಗುತ್ತದಾ? ಇಲ್ಲ ಅಲ್ವಾ. ಕಮಾಂಡ್ ನಂಬರ್ ಆ ಚೀಟಿ ಇದ್ದಂತೆ, ಇಡೀ ಸೆಷನ್‌ಗೆ ಒಂದೇ ಸಾಲು. ಟಾರ್ಗೆಟ್ ತನ್ನ ಉತ್ತರಗಳಿಗೆ ಹಾಕುವ ಸ್ಟೇಟಸ್ ನಂಬರ್ ಮಾತ್ರ ಆಯಾ ಕಾಟಾದ ರಸೀದಿ ಪುಸ್ತಕ, ಕನೆಕ್ಷನ್‌ಗೊಂದು. ಕಿಟಕಿಯ, ಅಂದರೆ ಟಾರ್ಗೆಟ್ ಆ ಹೊತ್ತಿಗೆ ಒಪ್ಪುವ ನಂಬರ್‌ಗಳ ವ್ಯಾಪ್ತಿಯ, ಹೊರಗಿನ ನಂಬರ್ ಬಂದರೆ ಟಾರ್ಗೆಟ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡಬೇಕು ಅಂತಲೇ ನಿಯಮ. ಲಾಗಿನ್ ಇಮ್ಮಿಡಿಯೇಟ್ ವರ್ಗದ್ದು, ಸಾಲಿನಲ್ಲಿ ಕಾಯುವುದಿಲ್ಲ, ಚೀಟಿಯನ್ನೂ ಖರ್ಚು ಮಾಡುವುದಿಲ್ಲ, ಅದಕ್ಕೇ ಅದೊಂದು ಪಾರಾಯಿತು.

ಸರಿಪಡಿಸಿದೆ. ಈ ಸಲ ಇನ್ನೂ ಜಾಸ್ತಿ ಕೆಟ್ಟಿತು. ಲಾಗಿನ್ ಎರಡು ಸುತ್ತಿನಲ್ಲಿ ಮುಗಿಯುತ್ತಿತ್ತು, ನಾನು ಪ್ರತಿ ಸುತ್ತಿಗೂ ಒಂದೊಂದು ನಂಬರ್ ಏರಿಸಿದ್ದೆ. ಮುಂದಿನ ಕಮಾಂಡ್ 744 ಆಗಿ ಹೋಯಿತು. ಟಾರ್ಗೆಟ್ 742 ಬರಲಿ ಅಂತ ಕಾದು ಕುಳಿತಿತು. ಅದರ ಹಿಂದೆ ಬಂದವೆಲ್ಲ ನಿಂತವು, ಚೆನ್ನಾಗಿದ್ದ ಹಳೆಯ ಕನೆಕ್ಷನ್ ಕೂಡ.

ಐಸ್ಕಜಿಯ ನಿಯಮಗಳನ್ನು ಬರೆದಿಟ್ಟ 2004ರ ದಾಖಲೆ, ಆರ್‌ಎಫ್‌ಸಿ 3720ರಲ್ಲಿ ಇದಕ್ಕೆ ಉದಾಹರಣೆಯೇ ಇದೆ. ಮೊದಲ ಲಾಗಿನ್ 123 ಅಂತ ಹೋದರೆ, ಆಮೇಲಿನ ಮೊದಲ ಮಾಮೂಲಿ ಕಮಾಂಡ್ ಕೂಡ 123. ಸೆಷನ್ 500ರಲ್ಲಿರುವಾಗ ಹೊಸ ಕನೆಕ್ಷನ್ ಬಂದರೆ ಅದರ ಲಾಗಿನ್ 500. ಅಷ್ಟರಲ್ಲಿ ಬೇರೆ ಕನೆಕ್ಷನ್‌ನಲ್ಲಿ ಕಮಾಂಡ್ ಹೋದರೆ, ಮುಂದಿನ ಲಾಗಿನ್ ಸುತ್ತಿನ ನಂಬರ್ ಜಾಸ್ತಿಯಾಗಿರಬಹುದು. ಆ ಪುಟ ನಾನು ಓದಿದ್ದೆ. ಓದಿದ್ದೆ ಅಂದರೆ, ಕಣ್ಣಾಡಿಸಿದ್ದೆ.

ಲಿನಕ್ಸ್‌ನ ಐಸ್ಕಜಿ ಸಾಫ್ಟ್‌ವೇರ್ ಓಪನ್-ಐಸ್ಕಜಿ ಒಂದು ಸೆಷನ್‌ಗೆ ಒಂದೇ ಕನೆಕ್ಷನ್ ಇಟ್ಟುಕೊಂಡು, ಹೆಚ್ಚಿನ ದಾರಿ ಬೇಕಾದರೆ ಹಲವು ಸೆಷನ್‌ಗಳನ್ನು ಜೋಡಿಸುವ ಮಲ್ಟಿಪಾತ್ ನಂಬುತ್ತದೆ. ಹಾಗಾಗಿ ಅದನ್ನು ಬಳಸುವವರಿಗೆ ಈ ತಲೆನೋವು ಎದುರಾಗುವುದಿಲ್ಲ. ಪುಣ್ಯವಂತರು.

ಎಣಿಕೆಯನ್ನು ಕನೆಕ್ಷನ್‌ನಿಂದ ತೆಗೆದು ಸೆಷನ್‌ಗೆ ಕೊಟ್ಟೆ, ಇಬ್ಬರು ಒಟ್ಟಿಗೆ ಒಂದೇ ನಂಬರ್ ತೆಗೆದುಕೊಳ್ಳದಂತೆ ಅದಕ್ಕೊಂದು ಲಾಕ್ ಹಾಕಿದೆ. ಎರಡೂ ಓಡಿದವು. ಈಗ ಟೆಸ್ಟ್‌ನಲ್ಲಿ ಮೊದಲ ನಂಬರ್ 1 ಇಡುವುದಿಲ್ಲ, 4294967290 ಇಡುತ್ತೇನೆ. ನಂಬರ್ 32 ಬಿಟ್‌ನದು, ಆರು ಕಮಾಂಡ್ ಆದ ಮೇಲೆ ಅದು ಸೊನ್ನೆಗೆ ತಿರುಗುತ್ತದೆ. ಹಾಗೆ ಇಟ್ಟ ಮೊದಲ ದಿನವೇ ಇನ್ನೊಂದು ತಪ್ಪು ಸಿಕ್ಕಿತು: ದೊಡ್ಡದು ಚಿಕ್ಕದು ನೋಡಲು ನಾನು ಬರೀ ಸಾದಾ ಹೋಲಿಕೆ ಬರೆದಿದ್ದೆ, ಹಾಗಾಗಿ ಆಮೇಲೆ ಬಂದ ಸೊನ್ನೆ ಹಳೆಯದು ಅಂತ ಕಾಣುತ್ತಿತ್ತು.