ಆಯಿಯ ಹಾಡು, ಪುಟ 37

"ಅಗಂ, ಮಗ ತುಮಚ್ಯಾ ಗಾವಾತ ಕಾಯ ರಾಹಿಲಂ?"

ಹಾಗಾದ್ರೆ ನಿಮ್ಮೂರಲ್ಲಿ ಏನು ಉಳೀತು, ಅಂತ. ಎದುರು ಮನೆ ಕಾಕು, ಅಂದ್ರೆ ಇಲ್ಲಿ ಚಿಕ್ಕಮ್ಮನ ಹಾಗೆ ಕರೆಯೋ ಹಿರಿಯ ಹೆಂಗಸು, ಹೋದ ವಾರ ಮರಾಠಿಯಲ್ಲಿ ಕೇಳಿದ ಮಾತು. ಚುಚ್ಚೋಕೆ ಕೇಳಿದ್ದಲ್ಲ. ಚಹಾಕ್ಕೆ ಬಂದಿದ್ದರು, ಬಾಕರವಡಿ ತಿನ್ನುತ್ತಾ ಸಹಜವಾಗಿ ಕೇಳಿದರು. ನಾನು ಚಹಾ ಸೋಸುವ ನೆಪದಲ್ಲಿ ಒಳಗೆ ಹೋದೆ.

ಮಾತು ಇಲ್ಲಿಗೆ ಬಂದದ್ದು ಮಗಳ ಕ್ಲಾಸಿನಿಂದ. ಅವಳು ಇಲ್ಲೇ ಪುಣೆಯಲ್ಲಿ ಎಂ.ಎ. ಓದುತ್ತಿದ್ದಾಳೆ. ಈ ಸಲ ಅವಳ ಕಾಲೇಜು ಮತ್ತು ಅಮೆರಿಕದ ಒಂದು ವಿಶ್ವವಿದ್ಯಾಲಯ ಸೇರಿ ಒಂದು ವಿಷಯ ಕಲಿಸುತ್ತಿವೆ. ಎರಡೂ ಕಡೆಯ ಮಕ್ಕಳು ವಾರಕ್ಕೆರಡು ದಿನ ಲ್ಯಾಪ್‌ಟಾಪಿನಲ್ಲಿ ಕೂಡುತ್ತಾರೆ. ಅವರಿಗೆ ಬೆಳಿಗ್ಗೆ 10, ನಮಗೆ ಸಂಜೆ 7:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ತಾಸು ಹಿಂದೆ ಇಟ್ಟರು. ನಮ್ಮ ಕ್ಲಾಸು 8:30ಕ್ಕೆ ಜಾರಿತು. ಅವರ ಗಡಿಯಾರಕ್ಕೆ ಕೊಥ್ರೂಡಿನಲ್ಲಿ ನನ್ನ ರೊಟ್ಟಿ ಯಾಕೆ ತಣ್ಣಗಾಗಬೇಕು ಅಂತ ಎರಡು ದಿನ ಗೊಣಗಿದೆ. ಆಮೇಲೆ ರೂಢಿಯಾಯಿತು.

ಮಗಳು ನನ್ನನ್ನು ಆಯಿ ಅಂತಾಳೆ. ಪುಣೆಯಲ್ಲಿ ಆಯಿ ಅಂದ್ರೆ ತಾಯಿ. ಹಾವೇರಿ ಹತ್ತಿರದ ನಮ್ಮನೆಯಲ್ಲಿ ಆಯಿ ಅಂದ್ರೆ ಅಜ್ಜಿ. ಅವಳು ಬಾಲವಾಡಿಯಿಂದ ಬಂದು ಮೊದಲ ಸಲ "ಆಯಿ" ಅಂದ ದಿನ ನಾನು ಮೂವತ್ತಕ್ಕೇ ಮುದುಕಿಯಾದೆ ಅನ್ನಿಸಿತ್ತು.

ಕ್ಲಾಸಿನಲ್ಲಿ ಕೊಟ್ಟ ಕೆಲಸ ಇಷ್ಟೇ. ಹೆಂಗಸರು ದುಡಿಯುವಾಗ ಹಾಡುತ್ತಿದ್ದ ಒಂದು ಹಾಡು ಹುಡುಕಿ ತರಬೇಕು, ಅದು ಎಲ್ಲಿ ಸಿಕ್ಕಿತು ಅನ್ನೋದನ್ನೂ ಹೇಳಬೇಕು. "ಆಯಿ, ನಮ್ಮ ಕಡೆ ಏನಿದೆ?" ಅಂದಳು. ನಮ್ಮ ಆಯಿ ಬೀಸೋ ಪದ ಹಾಡುತ್ತಿದ್ದಳು. ನಸುಕಿನಲ್ಲಿ ಜೋಳ ಬೀಸುತ್ತಾ ಮೂರು ಸಾಲು, ಮತ್ತೆ ಮೂರು ಸಾಲು. ಊರ ಶಾಲೆಯ ಮಾಸ್ತರರೊಬ್ಬರು ಸುತ್ತಲಿನ ಹಳ್ಳಿಗಳಲ್ಲಿ ಇಂಥ ಪದಗಳನ್ನು ಬರೆದುಕೊಂಡು 1964ರಲ್ಲಿ ಸಣ್ಣ ಪುಸ್ತಕ ಮಾಡಿದ್ದರು. ಅದರಲ್ಲಿ ಆಯಿಯ ಪದವೂ ಇತ್ತು. ಹಸಿರು ರಟ್ಟು, ಒಂದೂವರೆ ರೂಪಾಯಿ ಬೆಲೆ. ನಮ್ಮನೆ ಗೂಡಿನಲ್ಲಿ ಪಂಚಾಂಗದ ಕೆಳಗೆ ಇರುತ್ತಿತ್ತು.

ಊರಲ್ಲಿರೋ ತಮ್ಮನಿಗೆ ಫೋನು ಮಾಡಿದೆ. ಗ್ರಂಥಾಲಯಕ್ಕೆ ಹೋಗಿ ಬಂದ. "ಅಕ್ಕಾ, ಅಲ್ಲಿ ಈಗ ಕೆಎಎಸ್, ಪಿಎಸ್‌ಐ ಪರೀಕ್ಷೆ ಪುಸ್ತಕ ಅಷ್ಟ ಅದಾವ. ಹಳೇವನ್ನ ತೂಕಕ್ಕ ಹಾಕ್ಯಾರಂತ." ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿ ಸ್ಕ್ಯಾನ್ ಮಾಡಿಸಿದ ಲಕ್ಷಾಂತರ ಪುಸ್ತಕಗಳಿವೆಯಲ್ಲ, ಅದರಲ್ಲೂ ಹುಡುಕಿದೆವು. ಇರಲಿಲ್ಲ.

ಸಿಕ್ಕಿದ್ದು ಹಾಥಿಟ್ರಸ್ಟಿನಲ್ಲಿ. ಮಿಷಿಗನ್ನಿನಂಥ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯಗಳನ್ನು ಸ್ಕ್ಯಾನ್ ಮಾಡಿ 2008ರಿಂದ ಒಂದೇ ಕಡೆ ಇಟ್ಟಿರೋ ಖಜಾನೆ ಅದು. 1.5 ಕೋಟಿಗೂ ಜಾಸ್ತಿ ಸಂಪುಟಗಳಿವೆ. ಹೆಸರು ನಮ್ಮ ಹಿಂದಿಯ ಹಾಥಿಯೇ. ಆನೆಗೆ ಮರೆವಿಲ್ಲ ಅಂತ ಇಟ್ಟಿದ್ದಂತೆ. ಪಟ್ಟಿಯಲ್ಲಿ ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು, ತಲೆ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕಿ. ಕಾಕುಗೆ ಅದನ್ನು ನೋಡಿ ಖುಷಿಯೋ ಖುಷಿ. ಅವರು ಕಾಲೇಜು ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕಾರ್ಡು ಬರೆದವರು. "ಈ ಚುಕ್ಕಿ ನೋಡು, ಇದು ನಿಮ್ಮ ಳ" ಅಂತ ನನಗೇ ಪಾಠ ಮಾಡಿದರು.

ಆದರೆ ಪುಸ್ತಕ ತೆರೆಯಲಿಲ್ಲ. ಹುಡುಕಬಹುದು, ಓದುವಂತಿಲ್ಲ. ನಮ್ಮೂರ ಹೆಸರು ಹಾಕಿದೆವು. ಪುಟ 37ರಲ್ಲಿ ಎರಡು ಕಡೆ ಇದೆ ಅಂತ ತೋರಿಸಿತು. ಅಷ್ಟೇ. ಒಂದು ಸಾಲೂ ಇಲ್ಲ.

ಕಾರಣ ಕಾಪಿರೈಟು. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ಸತ್ತ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಾಸ್ತರರು ತೀರಿಕೊಂಡದ್ದು 1987ರಲ್ಲಿ. ಅಂದ್ರೆ ಇಲ್ಲಿಯ ಲೆಕ್ಕದಲ್ಲೇ 2047 ಮುಗಿಯಬೇಕು. ಹಾಡಿದ ಆಯಿಗೆ ಹಕ್ಕಿಲ್ಲ, ಬರೆದುಕೊಂಡ ಮಾಸ್ತರರಿಗೆ ಹಕ್ಕು! ಮಾಸ್ತರರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಸೈಕಲ್ ತುಳಿದುಕೊಂಡು ಊರೂರು ತಿರುಗದೇ ಇದ್ದಿದ್ರೆ ಪುಟ 37 ಎಲ್ಲಿರುತ್ತಿತ್ತು?

ಮುಂದಿನ ಕ್ಲಾಸಿನಲ್ಲಿ ಮಗಳು ಇದನ್ನೇ ಹೇಳಿದಳು, ಹಾಡಿದೆ, ಬೀಗ ಹಾಕಿದ್ದಾರೆ ಅಂತ. ಆ ಕಡೆಯ ಒಬ್ಬ ಹುಡುಗ ಪಟ್ಟಿ ನೋಡಿ, ಅಸಲು ಪುಸ್ತಕ ನಮ್ಮ ಗ್ರಂಥಾಲಯದಲ್ಲೇ ಇದೆ, ತರಿಸುತ್ತೀನಿ ಅಂದ. ನಾಲ್ಕು ದಿನದಲ್ಲಿ ತರಿಸಿದ. ಆವತ್ತು ನಾನು ರೊಟ್ಟಿ ಬಡಿಯೋದು ಬಿಟ್ಟು ಮಗಳ ಹಿಂದೆ ನಿಂತಿದ್ದೆ, ಕೈಯಲ್ಲಿ ಹಿಟ್ಟು. ಹಸಿರು ರಟ್ಟು ಇರಲಿಲ್ಲ. ಅವರು ಗಟ್ಟಿ ಕೆಂಪು ರಟ್ಟು ಹಾಕಿ ಹೊಲಿಸಿಕೊಂಡಿದ್ದರು. ಹುಡುಗ ಮೊದಲು ಕೊನೆಯ ಹಾಳೆ ತೋರಿಸಿದ, ತಾರೀಕು ಒತ್ತುವ ಚೀಟಿ. ಒಂದೂ ಮುದ್ರೆ ಇಲ್ಲ. ಅದನ್ನು ಯಾರೂ ಓದೋಕೆ ಒಯ್ದಿಲ್ಲ. ಒಯ್ಯದಿದ್ದರೂ ಹೊಲಿಸಿ, ನಂಬರು ಹಾಕಿ, ಧೂಳು ಕೂರದಂತೆ ಇಟ್ಟಿದ್ದಾರೆ. ಅದೇ ನನಗೆ ಅರ್ಥ ಆಗದ್ದು.

ಇದು ಅಲ್ಲಿಗೆ ಹೋದದ್ದು ಹ್ಯಾಗೆ ಅಂತ ಹುಡುಗನಿಗೂ ಗೊತ್ತಿರಲಿಲ್ಲ. ಕಾಕು ಹೇಳಿದರು. ಪಟ್ಟಿಯ ಕೆಳಗೆ ಸಣ್ಣದಾಗಿ ಪಿಎಲ್ 480 ಅಂತ ಇತ್ತು. ಅದು ಗೋಧಿ ಕಾಯ್ದೆ, 1954ರದ್ದು. ಅಮೆರಿಕ ನಮಗೆ ಗೋಧಿ ಕೊಟ್ಟು ದುಡ್ಡನ್ನು ರೂಪಾಯಿಯಲ್ಲೇ ತಗೊಳ್ಳುತ್ತಿತ್ತು. ಆ ರೂಪಾಯಿ ಇಲ್ಲೇ ಖರ್ಚಾಗಬೇಕಿತ್ತು. 1962ರಿಂದ ಅವರ ಲೈಬ್ರರಿ ಆಫ್ ಕಾಂಗ್ರೆಸ್ಸು ದಿಲ್ಲಿ ಕಚೇರಿಯಿಂದ ಆ ದುಡ್ಡಿನಲ್ಲಿ ನಮ್ಮ ಎಲ್ಲಾ ಭಾಷೆಯ ಪುಸ್ತಕ ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಇದು ಒಳ್ಳೇದೋ ಕೆಟ್ಟದ್ದೋ ಅನ್ನೋದು ಮಗಳ ಕ್ಲಾಸಿನಲ್ಲಿ ಚರ್ಚೆಯಾಯಿತಂತೆ, ನನಗೆ ನೆನಪಾದದ್ದು ಉಪ್ಪಿಟ್ಟು. ಅದೇ ಕಾಯ್ದೆಯಲ್ಲಿ ಪುಕ್ಕಟೆ ಬಂದ ಗೋಧಿ ನುಚ್ಚಿನ ಉಪ್ಪಿಟ್ಟನ್ನು ನಮ್ಮವ್ವ ಶಾಲೆಯಲ್ಲಿ ತಿಂದವಳು. ಕೈ ಕುಲುಕುವ ಚಿತ್ರದ ಎಣ್ಣೆ ಡಬ್ಬಿ ಎಷ್ಟೋ ವರ್ಷ ನಮ್ಮನೆಯಲ್ಲಿ ಕಾಳು ತುಂಬಿಡೋಕೆ ಇತ್ತು. ಆ ಕಡೆಯಿಂದ ಗೋಧಿ ಬಂತು, ಈ ಕಡೆಯಿಂದ ಆಯಿಯ ಪದ ಹೋಯಿತು. ಡಬ್ಬಿ ಜೋಪಾನ ಮಾಡಿದೆವು, ಪುಸ್ತಕ ಮಾಡಲಿಲ್ಲ.

ಮಾಡಲಿಲ್ಲ ಅಂದ್ರೆ, ನಾನೇ ಮಾಡಲಿಲ್ಲ. ಇದನ್ನು ಕಾಕುಗೆ ಹೇಳಿಲ್ಲ. ಹಳೇ ಮನೆ ಕೆಡವುವಾಗ ರಜೆಗೆ ಹೋಗಿದ್ದೆ. ಗೂಡಿನಲ್ಲಿದ್ದದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ರದ್ದಿಯವನಿಗೆ ಕೊಟ್ಟವಳು ನಾನು. ಗ್ರಂಥಾಲಯದವರು ತೂಕಕ್ಕೆ ಹಾಕಿದರು ಅಂತ ತಮ್ಮ ಬೈಯುವಾಗ ನಾನೂ ಜೊತೆಗೆ ಹೂಂಗುಟ್ಟಿದೆ.

ಕಾಕು ಆ ಪ್ರಶ್ನೆ ಕೇಳಿದ್ದು ಇದೇ ಹೊತ್ತಿಗೆ. ಪುಸ್ತಕ ಅಮೆರಿಕದಲ್ಲಿ, ಬೀಗ ಅಮೆರಿಕದಲ್ಲಿ, ಮಗ ಗಾವಾತ ಕಾಯ ರಾಹಿಲಂ?

ಅವರು ಕೇಳೋಕೆ ಕಾರಣವೂ ಇದೆ. ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆ ಮಲಗುವ ಹೊತ್ತು. ಕಾಕು ಮಲಗೋದಿಲ್ಲ, ಟ್ಯಾಬಿನಲ್ಲಿ ಓವಿ ಕೇಳುತ್ತಾರೆ. ಓವಿ ಅಂದ್ರೆ ಇವರ ಬೀಸೋ ಪದ. ಹೇಮಾ ರಾಯರ್ಕರ್ ಮತ್ತು ಫ್ರಾನ್ಸಿನಿಂದ ಬಂದು ಇಲ್ಲೇ ನೆಲೆಸಿದ ಗೀ ಪ್ವಾತ್ವಾಂ ಪುಣೆಯಲ್ಲಿ ಕೂತು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ 1 ಲಕ್ಷಕ್ಕೂ ಮಿಕ್ಕಿ ಓವಿ ಕೂಡಿಸಿದರು. ಬರ್ನಾರ್ ಬೆಲ್ ಅನ್ನೋ ಇನ್ನೊಬ್ಬ ಫ್ರೆಂಚ್ ವಿದ್ವಾಂಸರು ಧ್ವನಿಮುದ್ರಣಕ್ಕೆ ಜೊತೆಯಾದರು. 2017ರಿಂದ 'ಪರಿ' ಅಂದ್ರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾದಲ್ಲಿ ಅವು ಎಲ್ಲರಿಗೂ ಪುಕ್ಕಟೆ ಸಿಗುತ್ತಿವೆ. ಇಲ್ಲೂ ಹೊರದೇಶದವರ ಕೈ ಇದೆ. ಆದರೆ ಹಾಡು ಊರು ಬಿಟ್ಟು ಹೋಗಲಿಲ್ಲ. ಹಾಡಿದವಳ ಹೆಸರು, ಊರು ಬರೆದಿದ್ದಾರೆ. ಎಷ್ಟೋ ಹಾಡಿಗೆ ಅವಳ ಫೋಟೋ ಕೂಡ.

ಹಲಸಂಗಿ ಗೆಳೆಯರು ಊರೂರು ತಿರುಗಿ ಹೆಣ್ಣುಮಕ್ಕಳ ಹಾಡು ಕೂಡಿಸಿದ ನಾಡು ನಮ್ಮದು. ಈ ಕೆಲಸದಲ್ಲಿ ನಾವು ಯಾರಿಗೂ ಹಿಂದಿರಲಿಲ್ಲ. ಆಮೇಲೆ ಸುಮ್ನೆ ಕೂತೆವು, ಅಲ್ವಾ?

ಮೊನ್ನೆ ಹುಡುಗ ಪುಟ 37ರ ಫೋಟೋ ಕಳಿಸಿದ. ಕಾಕು ಕನ್ನಡಕ ಹಾಕಿಕೊಂಡು ಬಂದು ಕೂತರು. ನಾನು ಗಟ್ಟಿಯಾಗಿ ಓದಿದೆ, ಮಗಳು ಮರಾಠಿಯಲ್ಲಿ ಹೇಳಿದಳು. ಎಂಟು ಪದ. ತವರಿನ ದಾರಿ, ಅಣ್ಣನ ಎತ್ತು, ಕೊರಳಿನ ಗೆಜ್ಜೆ. ಐದನೇ ಪದಕ್ಕೆ ಬಂದಾಗ ಓದುವ ಬದಲು ರಾಗ ತಾನೇ ಬಂತು. ಎರಡು ಸಾಲು ಹಾಡಿದೆ, ಮೂರನೆಯದಕ್ಕೆ ದನಿ ನಿಂತಿತು. ಕಾಕು ಕೈಯಾಡಿಸುತ್ತಾ ಬೀಸುಕಲ್ಲು ತಿರುಗಿಸಿದ ಹಾಗೆ ಮಾಡುತ್ತಿದ್ದರು.

ಪದಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಡಿದವರು ಯಾರು ಅಂತ ಇತ್ತು: ಪಾಟೀಲರ ಮನೆಯ ಹಿರಿ ಸೊಸೆ. ಅಷ್ಟೇ.

"ಹೆಸರೇನು ಆಕೆದು?" ಅಂದರು ಕಾಕು.

ಬಾಯಿ ತೆರೆದೆ. ಆಯಿ. ನಮಗೆಲ್ಲ ಆಕೆ ಆಯಿ. ಅಜ್ಜ "ಏ, ಇಕಿನ" ಅಂತಿದ್ದ. ನೀಲವ್ವ ಅಂತ ಒಂದು ನೆನಪು, ಅದು ಆಯಿಯೋ ಆಕೆಯ ತಂಗಿಯೋ. ಕಾಕು ನನ್ನ ಮುಖ ನೋಡುತ್ತಿದ್ದರು, ಮಗಳೂ ನೋಡುತ್ತಿದ್ದಳು. ತಮ್ಮನಿಗೆ ಫೋನು ಹಚ್ಚಿ ಕೇಳಿದೆ.

"ಆಯಿ ಹೆಸರಾ?" ಅಂದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹೇಳಿದ, "ತಡಿ ಅಕ್ಕಾ, ಹೊಲದ ಪಹಣಿ ಉತಾರದಾಗ ಇದ್ರ ಇರಬೇಕು. ನಾಳೆ ನೋಡಿ ಹೇಳತೀನಿ."